ಪೀಠೋಪಕರಣ ಎಂಬ ಒಂದೇ ಪದ: ವಸತಿ ಬೀದಿಯ ಕೊನೆಯಲ್ಲಿದ್ದ ಶೆಡ್ಡಿನ ಪ್ರಕರಣ

ಈ ಪ್ರಕರಣದಲ್ಲಿ ನಾನು ಬೀದಿಯವರಿಗೆ ವಲಯ ನಕ್ಷೆ, ನಿಯಮ, ಹಳೆಯ ಕಡತ ಓದಿ ಹೇಳುವ ಕೆಲಸ ಮಾಡಿದೆ. ಶುರುವಿನಿಂದ ಕೊನೆಯವರೆಗೆ ಮೂರು ವರ್ಷ ದಾಟಿತು. ಊರು, ಜನ, ಕಂಪನಿ ಯಾವುದೆಂದು ಗೊತ್ತಾಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಯಾವ ಹೊತ್ತಿನಲ್ಲಿ ಯಾರು ಯಾವ ತೀರ್ಮಾನ ತೆಗೆದುಕೊಂಡರು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ನಾವು ಎಡವಿದ ಕಡೆಯೂ ಇದರಲ್ಲಿ ಸೇರಿದೆ.

ಹಿನ್ನೆಲೆ

ಮೂವತ್ತು ಚಿಲ್ಲರೆ ಮನೆಗಳ ಬೀದಿ. ಒಂದು ತುದಿ ಮುಖ್ಯ ರಸ್ತೆಗೆ ಸೇರುತ್ತದೆ. ಇನ್ನೊಂದು ತುದಿ ಮುಚ್ಚಿದೆ. ಆ ಮುಚ್ಚಿದ ತುದಿಯಲ್ಲಿ ಒಂದು ದೊಡ್ಡ ಶೆಡ್. ಅದರ ಹಿಂಬದಿ ಬೇರೊಂದು ಅಗಲವಾದ ರಸ್ತೆಗೆ ತಾಗುತ್ತದೆ. ಈ ಹಿಂಬದಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಬಂದದ್ದು ಶೆಡ್. ಆಗ ಸುತ್ತ ಖಾಲಿ ಜಾಗ. ಅಲ್ಲಿ ಮರದ ಮಂಚ, ಮೇಜು, ಕಪಾಟು ಮಾಡುತ್ತಿದ್ದರು. ಆಮೇಲೆ ಮನೆಗಳು ಬಂದವು. ಅದಾದ ಮೇಲೆ ಪಟ್ಟಣದ ಮಾಸ್ಟರ್ ಪ್ಲಾನ್ ಬಂದು ಇಡೀ ಪ್ರದೇಶಕ್ಕೆ ವಸತಿ ವಲಯದ ಬಣ್ಣ ಹಚ್ಚಿತು. ಶೆಡ್ ಮುಚ್ಚಲಿಲ್ಲ. ಯೋಜನೆ ಬರುವ ಮೊದಲೇ ನಡೆಯುತ್ತಿದ್ದ ಕೆಲಸ ಹಾಗೇ ಮುಂದುವರಿಯಬಹುದು ಎಂಬ ರಿಯಾಯಿತಿ ವಲಯ ನಿಯಮಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲಿಯೂ ಇತ್ತು. ನ್ಯಾಯವಾದದ್ದೇ ಅಲ್ವಾ? ಒಬ್ಬರು ಬೆವರು ಸುರಿಸಿ ಕಟ್ಟಿದ್ದನ್ನು ನಕ್ಷೆಯ ಬಣ್ಣ ಬದಲಾಯಿತು ಅಂತ ಒಂದೇ ದಿನದಲ್ಲಿ ಕಿತ್ತು ಹಾಕಲಾಗದು.

ವರ್ಷಗಟ್ಟಲೆ ಯಾರಿಗೂ ತಕರಾರು ಇರಲಿಲ್ಲ. ಹಗಲು ಗರಗಸದ ಸದ್ದು, ಮರದ ವಾಸನೆ. ಸಂಜೆ ಆರಕ್ಕೆಲ್ಲ ಬಾಗಿಲು.

ಹಳೆಯ ಮಾಲೀಕರಿಗೆ ವಯಸ್ಸಾಯಿತು, ಶೆಡ್ ಮಾರಿದರು. ಹೊಸಬರು ಮಾಡುವುದೂ ಮಂಚ, ಮೇಜು, ಕಪಾಟೇ. ಆದರೆ ಕಬ್ಬಿಣದ್ದು. ಪರವಾನಗಿಯಲ್ಲಿ ಇದ್ದ ಪದ "ಪೀಠೋಪಕರಣ ತಯಾರಿಕೆ". ಅದನ್ನು ಯಾರೂ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಬೀಳಲಿಲ್ಲ. ಕಾಗದದಲ್ಲಿ ಏನೂ ಬದಲಾಗಲಿಲ್ಲ.

ಬೀದಿಯಲ್ಲಿ ಬದಲಾದದ್ದು

ಶೆಡ್ಡಿಗೆ ಅಂಟಿಕೊಂಡ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದರು. ಎಲ್ಲರೂ ಅವರನ್ನು ಮೇಡಂ ಅಂತಲೇ ಕರೆಯುತ್ತಿದ್ದರು. ಮೊದಲ ಸಲ ಹೋದಾಗ ಅವರು ನನ್ನನ್ನು ಮಲಗುವ ಕೋಣೆಗೆ ಕರೆದೊಯ್ದು ಕಿಟಕಿಕಟ್ಟೆಯ ಮೇಲಿದ್ದ ನೀರಿನ ಲೋಟ ತೋರಿಸಿದರು. "ಸ್ವಲ್ಪ ಹೊತ್ತು ಇದನ್ನೇ ನೋಡ್ತಾ ಇರಿ," ಅಂದರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗೋಡೆಯಾಚೆ ಏನೋ ಒದ್ದ ಹಾಗೆ ಒಂದು ಸದ್ದು, ಹಿಂದೆಯೇ ಗುಂಯ್ ಎನ್ನುವ ಮೊರೆತ. ಲೋಟದ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಎದ್ದವು. ಸದ್ದು ನಿಂತಾಗ ಉಂಗುರವೂ ನಿಂತಿತು. "ಇನ್ನು ಏಳು ನಿಮಿಷಕ್ಕೆ ಮತ್ತೆ," ಅಂದರು. ಹಾಗೇ ಆಯಿತು.

ಅದು ಏರ್ ಕಂಪ್ರೆಸರ್. ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಇಳಿದಾಗ ಮೋಟಾರ್ ತಾನೇ ಚಾಲೂ ಆಗುತ್ತದೆ, ತುಂಬಿದ ಮೇಲೆ ತಾನೇ ನಿಲ್ಲುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಹೇಗೋ ಒಗ್ಗಿಕೊಳ್ಳುತ್ತದೆ. ನಿಂತು ನಿಂತು ಶುರುವಾಗುವ ಸದ್ದಿಗೆ ಒಗ್ಗುವುದು ಕಷ್ಟ. ಅದು ನಿಂತಾಗಲೂ ಮನಸ್ಸು ಮುಂದಿನದಕ್ಕೆ ಕಾಯುತ್ತಿರುತ್ತದೆ. ಮೇಡಂ ಮಂಚದಿಂದ ಆ ಯಂತ್ರಕ್ಕೆ ನಾಲ್ಕು ಮೀಟರ್ ದೂರ, ನಡುವೆ ಒಂದು ಇಟ್ಟಿಗೆ ಗೋಡೆ.

ಉಳಿದ ಮನೆಗಳವರಿಗೆ ಬೇರೆ ಬೇರೆ ಸಂಕಟ. ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಕೂತು ತುಕ್ಕಿನ ಚುಕ್ಕಿಯಾಗುತ್ತಿತ್ತು. ಸಂಜೆ ಬಣ್ಣ ಹೊಡೆಯುವಾಗ ಥಿನ್ನರ್ ವಾಸನೆ. ಲಾರಿಗೆ ತಿರುಗಲು ಜಾಗವಿಲ್ಲ, ಇಡೀ ಬೀದಿಯನ್ನು ಹಿಮ್ಮುಖವಾಗಿಯೇ ದಾಟಬೇಕು. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೇ ಅದೂ.

ಮೊದಲ ಮೂರು ಪ್ರಯತ್ನ

ಮೊದಲು ಒಂದು ಅರ್ಜಿ. "ವಸತಿ ವಲಯದಲ್ಲಿ ಕಾರ್ಖಾನೆ ಇದೆ, ಮುಚ್ಚಿಸಿ." ಬೀದಿಯ ಬಹುತೇಕ ಮನೆಯವರು ಸಹಿ ಹಾಕಿದರು. ಎರಡು ತಿಂಗಳಿಗೆ ಉತ್ತರ ಬಂತು: ಪೀಠೋಪಕರಣ ತಯಾರಿಕೆ ಯೋಜನೆಗಿಂತ ಹಳೆಯದು, ಪರವಾನಗಿ ಚಾಲ್ತಿಯಲ್ಲಿದೆ, ಕ್ರಮದ ಅಗತ್ಯ ಇಲ್ಲ. ಬೀದಿಯವರು ಸಿಟ್ಟಾದರು. ಆದರೆ ಕೇಳಿದ ಪ್ರಶ್ನೆಗೆ ಕಚೇರಿ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಪ್ರಶ್ನೆಯೇ ತಪ್ಪಾಗಿತ್ತು. ಅದು ನಮಗೆ ಹೊಳೆಯಲು ಇನ್ನೂ ಎಂಟು ತಿಂಗಳು ಬೇಕಾಯಿತು.

ಎರಡನೆಯದು ರಾಜಿ. ಹೊಸ ಮಾಲೀಕರು ಕೆಟ್ಟವರಲ್ಲ. ಕರೆದು ಮಾತಾಡಿಸಿದಾಗ ಆರು ಅಡಿ ಗೋಡೆ ಎಬ್ಬಿಸುತ್ತೇನೆ, ಉದ್ದಕ್ಕೂ ಗಿಡ ನೆಡುತ್ತೇನೆ ಅಂದರು. ಹೇಳಿದ ಹಾಗೆ ಮಾಡಿದರು. ನಾನೂ ಇದಕ್ಕೆ ಒಪ್ಪಿದ್ದೆ. ತಪ್ಪು ಮಾಡಿದೆ.

ಯಾಕೆ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲ ಕಡೆ ಜನ ಮೊದಲು ಕೇಳುವುದು ಇದನ್ನೇ. ಗೋಡೆ ಸದ್ದನ್ನು ತಡೆಯಬೇಕಾದರೆ ಸದ್ದು ಹುಟ್ಟುವ ಜಾಗಕ್ಕೂ ಕೇಳುವ ಕಿವಿಗೂ ನಡುವಿನ ನೇರ ಗೆರೆಯನ್ನು ಕಡಿಯಬೇಕು. ನೆಲಮಹಡಿಯವರಿಗೆ ಅದು ಕಡಿಯಿತು, ಗ್ರೈಂಡರಿನ ಕಿರುಚಾಟ ಕಮ್ಮಿಯಾಯಿತು. ಮೇಲಿನ ಮಹಡಿಯವರಿಗೆ ಏನೂ ಸಿಗಲಿಲ್ಲ. ಕಂಪ್ರೆಸರಿನ ಮೊರೆತದ ಕಥೆ ಇನ್ನೂ ಬೇರೆ. 50 ಹರ್ಟ್ಜ್‌ನ ತಗ್ಗು ಸ್ವರದ ಸದ್ದಿನ ಒಂದು ಅಲೆ ಸುಮಾರು 7 ಮೀಟರ್ ಉದ್ದ ಇರುತ್ತದೆ. ಎರಡು ಮೀಟರ್ ಕೂಡ ಇಲ್ಲದ ಗೋಡೆ ಅದಕ್ಕೆ ಲೆಕ್ಕಕ್ಕಿಲ್ಲ, ಬಾಗಿ ದಾಟಿ ಬರುತ್ತದೆ. ಮೇಡಂ ಮನೆಗಂತೂ ಅದು ಗಾಳಿಯಲ್ಲಿ ಮಾತ್ರ ಅಲ್ಲ, ನೆಲ ಮತ್ತು ಗೋಡೆಯ ಮೂಲಕವೂ ಬರುತ್ತಿತ್ತು. ಇನ್ನು ಗಿಡಗಳು. ಒಂದು ಸಾಲು ಗಿಡ ಕಣ್ಣಿಗೆ ತಂಪು, ಸದ್ದಿಗೆ ಹೆಚ್ಚುಕಮ್ಮಿ ಏನೂ ಮಾಡುವುದಿಲ್ಲ. ಮರಗಳಿಂದ ಸದ್ದು ಇಳಿಯಬೇಕಾದರೆ ಹತ್ತಾರು ಮೀಟರ್ ದಪ್ಪದ ಒತ್ತಾದ ತೋಪು ಬೇಕು. ಐದು ತಿಂಗಳು ಹೋಯಿತು, ಮಾಲೀಕರ ದುಡ್ಡೂ ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ, "ಇಷ್ಟು ಮಾಡಿದರೂ ಇವರಿಗೆ ತೃಪ್ತಿ ಇಲ್ಲ" ಎಂಬ ಬೇಸರ ಅವರಲ್ಲಿ ಕೂತಿತು. ಮುಂದೆ ಪ್ರತಿ ಮಾತುಕತೆಯಲ್ಲೂ ಆ ಬೇಸರ ಅಡ್ಡ ಬಂತು.

ಮೂರನೆಯದು ಡೆಸಿಬೆಲ್ ಮೀಟರ್. ಅಧಿಕಾರಿಗಳು ಬಂದದ್ದು ಮಧ್ಯಾಹ್ನ ಎರಡಕ್ಕೆ. ಕೆಲಸಗಾರರು ಊಟ ಮುಗಿಸಿ ಆಗಷ್ಟೇ ಏಳುತ್ತಿದ್ದರು. ಹತ್ತು ನಿಮಿಷದ ಸರಾಸರಿ ಹಿಡಿದರು, ಮಿತಿಯೊಳಗೆ ಇತ್ತು, ಬರೆದುಕೊಂಡು ಹೋದರು. ಸಾಮಾನ್ಯ ಅಳತೆಯಲ್ಲಿ ಮನುಷ್ಯರ ಕಿವಿಗೆ ಹೊಂದಿಸಿ ತಗ್ಗು ಸ್ವರಗಳ ತೂಕ ಇಳಿಸಿರುತ್ತಾರೆ. ನಮ್ಮ ಮುಖ್ಯ ದೂರೇ ತಗ್ಗು ಸ್ವರದ್ದು. ಅದೂ ಬೆಳಗಿನ ಜಾವದ್ದು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2009ರಲ್ಲಿ ಕೊಟ್ಟ ಸಲಹೆಯ ಪ್ರಕಾರ ರಾತ್ರಿ ಮನೆಯ ಹೊರಗಿನ ಸದ್ದು ವರ್ಷದ ಸರಾಸರಿಯಲ್ಲಿ 40 ಡೆಸಿಬೆಲ್ ಮೀರಬಾರದು. ಹಗಲು ಎರಡು ಗಂಟೆಗೆ ಹಿಡಿದ ಅಳತೆಗೂ ಆ ನಿದ್ದೆಯ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ.

ನೋಟ್‌ಬುಕ್

ದಿಕ್ಕು ಬದಲಿಸಿದ್ದು ಮೇಡಂ. ಒಂದು ದಿನ ಗೆರೆ ಹಾಕಿದ ಹಳೆಯ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ಆರು ವಾರ ದಿನವೂ ಬರೆದಿದ್ದರು. ಕಂಪ್ರೆಸರ್ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಕೊನೆ. ವಾಸನೆ ಬಂದದ್ದು ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಯಿಂದ. ಲಾರಿ ಎಷ್ಟು ಸಲ. ಒಂದೇ ಒಂದು ಕಡೆಯೂ "ಸಹಿಸಲಾಗದು" ಅಂತ ಬರೆದಿರಲಿಲ್ಲ. ಹಾಜರಿ ಪುಸ್ತಕದ ಹಾಗೆ ಗಂಟೆ, ನಿಮಿಷ, ಅಷ್ಟೇ. ಸದ್ದು ಇಲ್ಲದ ದಿನ "ಇಲ್ಲ" ಅಂತಲೂ ಬರೆದಿದ್ದರು. ನನಗೆ ಅದೇ ದೊಡ್ಡದಾಗಿ ಕಂಡಿತು. ಇಲ್ಲದ್ದನ್ನು ಇಲ್ಲ ಅಂದವರು ಇದೆ ಅಂದಾಗ ಯಾರಾದರೂ ನಂಬುತ್ತಾರೆ.

ನೋಟ್‌ಬುಕ್ ಓದುತ್ತಾ ಕೂತಾಗ ನಮ್ಮ ಪ್ರಶ್ನೆ ಬದಲಾಯಿತು. ಇಷ್ಟು ದಿನ "ಇದು ಕಾರ್ಖಾನೆಯೇ ಅಲ್ಲವೇ" ಅಂತ ಗುದ್ದಾಡುತ್ತಿದ್ದೆವು. ಈಗ "ಏನು ಬದಲಾಯಿತು, ಯಾವಾಗ ಬದಲಾಯಿತು" ಅಂತ ಕೇಳಿಕೊಂಡೆವು. ಹಳೆಯ ಬಳಕೆಗೆ ರಕ್ಷಣೆ ಕೊಡುವ ನಿಯಮವನ್ನು ಮತ್ತೆ ಪೂರ್ತಿ ಓದಿದೆ. ಇದ್ದದ್ದು ಇದ್ದ ಹಾಗೆ ಮುಂದುವರಿಯಲು ಮಾತ್ರ ಅದು ಬಿಡುತ್ತಿತ್ತು. ಹಿಗ್ಗಿಸಲು, ಬಲಪಡಿಸಲು, ಬೇರೆ ರೀತಿಯ ಕೆಲಸಕ್ಕೆ ತಿರುಗಿಸಲು ಹೊಸ ಒಪ್ಪಿಗೆ ಬೇಕಿತ್ತು.

ಹಾಗಾದರೆ ಹಿಗ್ಗಿದ್ದನ್ನು ತೋರಿಸುವುದು ಹೇಗೆ? ವಿದ್ಯುತ್ ಕಡತದಿಂದ. ಇಂಥ ತಕರಾರುಗಳ ವಿಚಾರಣೆ ನಡೆಸುವ ಸಮಿತಿಯ ಮೂಲಕ ಅದನ್ನು ತರಿಸಿದೆವು. ಮರಗೆಲಸದ ಕಾಲದಲ್ಲಿ ಮಂಜೂರಾದ ಲೋಡ್ 7 ಕಿಲೋವಾಟ್. ಶೆಡ್ ಕೈ ಬದಲಾದ ನಾಲ್ಕನೇ ತಿಂಗಳಿಗೆ 40. ಇಷ್ಟು ಸಾಕಾಯಿತು. ಪರವಾನಗಿಯ ಪದ ಬದಲಾಗದಿದ್ದರೂ ಒಳಗೆ ನಡೆಯುವ ಕೆಲಸ ಬೇರೆಯಾಗಿದೆ ಅಂತ ಕರೆಂಟಿನ ಕಾಗದವೇ ಹೇಳಿತು. ಇಂಥ ತಕರಾರು ಇರುವವರು ಮೊದಲು ಹುಡುಕಬೇಕಾದದ್ದು ಇದನ್ನೇ ಅನ್ನುತ್ತೇನೆ ನಾನು: ಲೋಡ್ ಯಾವಾಗ ಏರಿತು, ಶೆಡ್ಡಿನ ಅಳತೆ ಯಾವಾಗ ಹಿಗ್ಗಿತು.

ಥಿನ್ನರ್ ಡ್ರಮ್ಮುಗಳು

ಸಮಿತಿ ಸ್ಥಳ ನೋಡಲು ಬಂತು. ಜೊತೆಗೆ ಅಗ್ನಿಶಾಮಕದ ಅಧಿಕಾರಿಯೊಬ್ಬರು. ನಾವೆಲ್ಲ ಕಂಪ್ರೆಸರ್ ತೋರಿಸಲು ತವಕದಲ್ಲಿದ್ದೆವು. ಅವರು ಅದರ ಕಡೆ ತಿರುಗಲೂ ಇಲ್ಲ. ಮೂಲೆಯಲ್ಲಿ ಮೇಡಂ ಮನೆಯ ಗೋಡೆಗೆ ಒರಗಿಸಿ ಇಟ್ಟಿದ್ದ ಥಿನ್ನರ್ ಡ್ರಮ್ಮುಗಳ ಮುಂದೆ ನಿಂತರು. ಅಲ್ಲಿಂದ ವೆಲ್ಡಿಂಗ್ ಮೇಜಿನವರೆಗೆ ಹೆಜ್ಜೆ ಹಾಕಿ ಎಣಿಸಿದರು. ಆರು ಹೆಜ್ಜೆ.

ಥಿನ್ನರಿನಲ್ಲಿ ಸಾಮಾನ್ಯವಾಗಿ ಇರುವ ಟಾಲುಯೀನ್ ಎಂಬ ದ್ರಾವಕ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ಮಾಮೂಲಿ ಹವೆಯಲ್ಲಿ ಮುಚ್ಚಳ ತೆರೆದರೆ ಸಾಕು. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚೆದುರುವುದಿಲ್ಲ, ನೆಲದ ಮೇಲೆ ಹರಿದು ಕಿಡಿ ಇರುವ ಕಡೆ ತಾನೇ ಹೋಗುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಮಾಡುವ ಜಾಗದ ಸುತ್ತ 11 ಮೀಟರ್, ಅಂದರೆ 35 ಅಡಿ, ಹೊತ್ತಿಕೊಳ್ಳುವ ವಸ್ತು ಇರಬಾರದು ಎನ್ನುವುದು ಬೆಂಕಿ ಸುರಕ್ಷತೆಯಲ್ಲಿ ಬಹಳ ಕಡೆ ಪಾಲಿಸುವ ಅಳತೆ. ಇಲ್ಲಿ ಆರು ಹೆಜ್ಜೆ. ಗೋಡೆಯ ಆಚೆ ಬದಿಗೆ ಒಬ್ಬರು ಮಲಗುವ ಮಂಚ.

ಮಾಲೀಕರ ಮುಖ ಬಿಳಿಚಿಕೊಂಡಿತು. ಅವರಿಗೂ ಇದು ಗೊತ್ತಿರಲಿಲ್ಲ. ಡ್ರಮ್ಮುಗಳು ಅದೇ ಸಂಜೆ ಹೊರಗೆ ಹೋದವು. ನಾವು ವರ್ಷದ ಹತ್ತಿರ ಹತ್ತಿರ ಬರೀ ಸದ್ದಿನ ಹಿಂದೆ ಓಡಿದ್ದೆವು. ಕಿವಿಗೆ ಕೇಳುವುದನ್ನು ಮಾತ್ರ ತೊಂದರೆ ಅಂದುಕೊಂಡಿದ್ದೆವು. ಎಲ್ಲಕ್ಕಿಂತ ದೊಡ್ಡ ಅಪಾಯ ಸದ್ದೇ ಮಾಡದೆ ಕೂತಿತ್ತು.

ವಿಚಾರಣೆ

ಮಾಲೀಕರ ವಕೀಲರು "ನಾವು ಮೊದಲು ಬಂದವರು, ಮನೆಗಳು ಆಮೇಲೆ" ಅಂದರು. ಈ ವಾದ ತುಂಬ ಹಳೆಯದು. ಲಾಸ್ ಏಂಜಲಿಸ್‌ನಲ್ಲಿ ಮನೆಗಳಿಗಿಂತ ಮೊದಲೇ ಇದ್ದ ಒಂದು ಇಟ್ಟಿಗೆ ಭಟ್ಟಿ ಇದೇ ಮಾತು ಹೇಳಿತ್ತು. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಊರು ಬೆಳೆಯುವ ದಾರಿಯಲ್ಲಿ ಹಳೆಯ ಹಕ್ಕು ಶಾಶ್ವತ ತಡೆಯಾಗಲಾರದು ಅಂದಿತು. 1926ರಲ್ಲಿ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಅದೇ ಕೋರ್ಟ್ ಊರನ್ನು ವಲಯಗಳಾಗಿ ಭಾಗ ಮಾಡುವುದನ್ನೇ ಎತ್ತಿಹಿಡಿಯಿತು. ತಪ್ಪು ಜಾಗದಲ್ಲಿರುವ ಸರಿಯಾದ ವಸ್ತುವೂ ಉಪದ್ರವ ಆಗಬಹುದು, ಕೊಟ್ಟಿಗೆಯಲ್ಲಿ ಇರಬೇಕಾದ ಹಂದಿ ನಡುಮನೆಗೆ ಬಂದ ಹಾಗೆ, ಎಂಬ ಹೋಲಿಕೆ ಬರುವುದು ಆ ತೀರ್ಪಿನಲ್ಲೇ.

ಆ ತೀರ್ಪಿನ ಇನ್ನೊಂದು ಮುಖವನ್ನೂ ಹೇಳಬೇಕು. ಒಂಟಿ ಮನೆಗಳ ಬೀದಿಯಿಂದ ಅಪಾರ್ಟ್‌ಮೆಂಟುಗಳನ್ನು ದೂರ ಇಡುವುದನ್ನೂ ಅದು ಸರಿ ಅಂದಿತು. ಹೊಗೆ ದೂರ ಇಡಲು ಹೂಡಿದ ಬೇಲಿ ಕಡಿಮೆ ಬಾಡಿಗೆಯ ಜನರನ್ನೂ ದೂರ ಇಡುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಬೀದಿಯವರ ಎರಡನೇ ಅರ್ಜಿಯ ಕರಡಿನಲ್ಲಿ ಒಂದು ಸಾಲು ಇತ್ತು: ಹಿಂದಿನ ಓಣಿಯಲ್ಲಿ ಶೆಡ್ಡಿನ ಕೆಲಸಗಾರರು ಬಾಡಿಗೆಗೆ ಇರುವ ಕೋಣೆಗಳನ್ನೂ ತೆರವು ಮಾಡಿಸಬೇಕು. ಆ ಸಾಲು ಇದ್ದರೆ ನಾನು ಈ ಕೆಲಸದಲ್ಲಿ ಇರುವುದಿಲ್ಲ ಅಂದೆ. ಸಭೆಯಲ್ಲಿ ಜೋರು ಜಗಳವಾಯಿತು. ಕೊನೆಗೆ ಮೇಡಂ ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದರು. ಇಬ್ಬರು ಸಹಿ ವಾಪಸ್ ಪಡೆದರು. ಪಡೆಯಲಿ. ಸದ್ದು ಮಾಡುವುದು ಯಂತ್ರ, ಅದನ್ನು ನಡೆಸುವವರ ಮನೆಯಲ್ಲ.

ಕೆಲಸಗಾರರ ಪರವಾಗಿ ಒಬ್ಬರು ಮಾತಾಡಿದರು. ಹದಿನಾಲ್ಕು ಜನರಲ್ಲಿ ಅರ್ಧದಷ್ಟು ಜನ ನಡೆದೇ ಬರುವವರು. "ಇಂಡಸ್ಟ್ರಿಯಲ್ ಏರಿಯಾ ಊರಿನ ಆ ಕಡೆ ಇದೆ ಸರ್. ಎರಡು ಬಸ್ಸು. ಮಗುವನ್ನು ಶಾಲೆಯಿಂದ ಕರಕೊಂಡು ಬರೋದು ನಾನೇ," ಅಂದರು. ಅಷ್ಟೇ ಹೇಳಿ ಕೂತರು. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವಲಯದ ಗೆರೆ ಎಳೆಯುವಾಗ ಮನೆಗೂ ಕೆಲಸಕ್ಕೂ ನಡುವೆ ಹುಟ್ಟುವ ದೂರವನ್ನು ಯಾರು ನಡೆಯುತ್ತಾರೆ ಅನ್ನುವುದು ನಕ್ಷೆಯಲ್ಲಿ ಕಾಣುವುದಿಲ್ಲ.

ತೀರ್ಮಾನ ಮತ್ತು ಆಮೇಲೆ

ಮುಚ್ಚಿಸಿ ಅಂದವರಿಗೂ ಮುಟ್ಟಬೇಡಿ ಅಂದವರಿಗೂ ಸಮಿತಿ ಒಪ್ಪಲಿಲ್ಲ. ಕೆಲಸವನ್ನೇ ಬಿಡಿಸಿ ನೋಡಿತು. ಬಣ್ಣ ಹೊಡೆಯುವುದು ಮತ್ತು ಗ್ರೈಂಡಿಂಗ್ ಹದಿನೆಂಟು ತಿಂಗಳೊಳಗೆ ಇಂಡಸ್ಟ್ರಿಯಲ್ ಏರಿಯಾಗೆ ಹೋಗಬೇಕು. ಜೋಡಣೆ, ಕುಶನ್ ಕೆಲಸ, ಪ್ಯಾಕಿಂಗ್, ಮಾರಾಟ ಇಲ್ಲೇ ಇರಬಹುದು. ಕಂಪ್ರೆಸರ್ ಹಿಂಬದಿಯ ರಸ್ತೆ ಕಡೆಗೆ, ರಬ್ಬರ್ ಕಾಲುಗಳ ಮೇಲೆ, ಮುಚ್ಚಿದ ಗೂಡಿನೊಳಗೆ. ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಆರರ ಮೇಲೆ ಯಂತ್ರ ಇಲ್ಲ. ಲಾರಿಗೆ ಹಿಂಬದಿಯಲ್ಲಿ ಗೇಟು. ಅಷ್ಟು ದಿನ ಯಾರೂ ಆ ಕಡೆಗೆ ಗೇಟು ಇಡುವ ಯೋಚನೆಯನ್ನೇ ಮಾಡಿರಲಿಲ್ಲ.

ಆದೇಶದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡು ಸಾಲು. ಒಂದು, ಸದ್ದಿನ ಮಿತಿಯನ್ನು ಯಂತ್ರದ ಪಕ್ಕದಲ್ಲಲ್ಲ, ನೆರೆಮನೆಯ ಗಡಿಗೆರೆಯ ಮೇಲೆ, ಹಗಲು ಮತ್ತು ರಾತ್ರಿಗೆ ಬೇರೆ ಬೇರೆಯಾಗಿ, ಯಂತ್ರ ಓಡುತ್ತಿರುವಾಗಲೇ ಅಳೆಯಬೇಕು. ಇನ್ನೊಂದು, ಹೊಸ ಒಪ್ಪಿಗೆ ಇಲ್ಲದೆ ವಿದ್ಯುತ್ ಲೋಡ್ ಏರಿಸುವಂತಿಲ್ಲ. "ಪೀಠೋಪಕರಣ" ಎಂಬ ಪದದೊಳಗೆ ಏನು ಬೇಕಾದರೂ ತುರುಕುವ ದಾರಿ ಅಲ್ಲಿಗೆ ಮುಚ್ಚಿತು. ಬಳಕೆಯ ಹೆಸರಿಗಿಂತ ಅದರ ಪರಿಣಾಮವನ್ನು, ಗಾತ್ರವನ್ನು ಹಿಡಿಯುವ ನಿಯಮಗಳು ಬೇರೆ ಕಡೆಯೂ ಇವೆ. ಜಪಾನಿನಲ್ಲಿ ಈಗ 13 ಬಗೆಯ ವಲಯಗಳಿವೆ. ಅಲ್ಲಿನ ಕೆಲವು ವಸತಿ ವಲಯಗಳಲ್ಲಿ ಪುಟ್ಟ ವರ್ಕ್‌ಶಾಪ್ ಇರಬಹುದು, ಆದರೆ ಅದರ ನೆಲದ ಅಳತೆಗೆ ಮತ್ತು ಅಪಾಯಕ್ಕೆ ಮಿತಿ ಇರುತ್ತದೆ. ಮನೆ ಹತ್ತಿರ ಕೆಲಸ ಇರಲಿ, ದೊಡ್ಡದಾಗದಿರಲಿ ಎಂಬ ಲೆಕ್ಕ.

ಕಂಪ್ರೆಸರ್ ಮೂರು ವಾರಕ್ಕೆ ಜಾಗ ಬಿಟ್ಟಿತು. ಇಪ್ಪತ್ತು ಚಿಲ್ಲರೆ ಮೀಟರ್ ದೂರ ಹೋಯಿತು. ಒಂದು ಯಂತ್ರದಿಂದ ಬರುವ ಸದ್ದು, ದೂರ ಎರಡರಷ್ಟು ಆದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೂಡು, ರಬ್ಬರ್ ಕಾಲು ಬೇರೆ. ಮೇಡಂ ಫೋನ್ ಮಾಡಿ ಲೋಟದ ನೀರು ಅಲುಗುತ್ತಿಲ್ಲ ಅಂದರು. ದನಿ ನಡುಗುತ್ತಿತ್ತು.

ಬಣ್ಣದ ಕೆಲಸ ಹೋಗಲು ಹದಿನೆಂಟಲ್ಲ, ಇಪ್ಪತ್ತಾರು ತಿಂಗಳು ಹಿಡಿಯಿತು. ಅಲ್ಲಿ ಶೆಡ್ ಸಿಗುವುದು ತಡ, ಸಾಲ ಸಿಗುವುದು ತಡ. ದಂಡ ಬಿತ್ತು, ಅವಧಿ ಎರಡು ಸಲ ಮುಂದೆ ಹೋಯಿತು. ಆಸ್ತಮಾ ಇದ್ದ ಮಗುವಿನ ಒಂದು ಕುಟುಂಬ ಅಷ್ಟು ದಿನ ಕಾಯಲಾರದೆ ಮನೆ ಮಾರಿ ಹೋಯಿತು. ಬಸ್ಸಿನ ದೂರ ತಾಳಲಾರದೆ ಇಬ್ಬರು ಕೆಲಸಗಾರರು ಬಿಟ್ಟರು. ವಿಚಾರಣೆಯಲ್ಲಿ ಮಾತಾಡಿದವರು ಇಲ್ಲೇ ಜೋಡಣೆ ವಿಭಾಗದಲ್ಲಿ ಉಳಿದರು. ಇದನ್ನು ಗೆಲುವು ಅಂತ ಬರೆಯಲು ನನಗೆ ಮನಸ್ಸಿಲ್ಲ. ಲೋಡ್ 7ರಿಂದ 40ಕ್ಕೆ ಏರಿಸಲು ಅರ್ಜಿ ಬಂದ ದಿನವೇ ಆ ಕಾಗದ ಯೋಜನಾ ಕಚೇರಿಯ ಮೇಜಿಗೂ ಬಂದಿದ್ದರೆ, ಈ ಮೂರು ವರ್ಷ ಯಾರಿಗೂ ಬೇಕಿರಲಿಲ್ಲ. ಈಗ ಆ ಊರಿನಲ್ಲಿ ವಸತಿ ವಲಯದ ವಿದ್ಯುತ್ ಅರ್ಜಿಗಳ ಒಂದು ಪ್ರತಿ ಅಲ್ಲಿಗೆ ಹೋಗುತ್ತದೆ.

ಕಡತ ಮುಚ್ಚುವ ಹೊತ್ತಿಗೆ ಇನ್ನೊಂದು ಬಂತು. ಬಣ್ಣದ ಶೆಡ್ ಹೋದ ಇಂಡಸ್ಟ್ರಿಯಲ್ ಏರಿಯಾದ ಬೇಲಿಗೆ ತಾಗಿ ಮನೆ ಸೈಟುಗಳ ಹೊಸ ಬಡಾವಣೆಗೆ ಅರ್ಜಿ. ಅಮೆರಿಕದ ಟೆಕ್ಸಾಸ್‌ನಲ್ಲಿ ವೆಸ್ಟ್ ಎಂಬ ಊರಿದೆ. ಅಲ್ಲಿ 1962ರಲ್ಲಿ ಗೊಬ್ಬರದ ದಾಸ್ತಾನು ಶುರುವಾದಾಗ ಅದು ಊರಿನ ಹೊರಗಿತ್ತು. ಆಮೇಲೆ ಊರೇ ಅದರ ಕಡೆ ಬೆಳೆಯಿತು. 2013ರ ಏಪ್ರಿಲ್ 17ರಂದು ಅದು ಸ್ಫೋಟಗೊಂಡಾಗ ಹತ್ತಿರದಲ್ಲೇ ಶಾಲೆ, ಅಪಾರ್ಟ್‌ಮೆಂಟು, ವೃದ್ಧರ ಆರೈಕೆ ಮನೆ ಇದ್ದವು. ಹದಿನೈದು ಜನ ಸತ್ತರು. ನಾನು ಆಕ್ಷೇಪಣೆಯಲ್ಲಿ ಇದನ್ನು ಬರೆದೆ. ಬೇಲಿಗೂ ಮೊದಲ ಮನೆಗೂ ನಡುವೆ ಗೋದಾಮು, ಕಚೇರಿ, ಅಂಗಡಿಗಳ ಒಂದು ಪಟ್ಟಿ ಬಿಡಬೇಕು ಅಂತ ಕೇಳಿದೆ.

ವಿಚಾರಣೆಯ ದಿನ ಮೇಡಂ ಕೂಡ ಬಂದಿದ್ದರು. ಅವರ ಮನೆಗೂ ಆ ಬಡಾವಣೆಗೂ ಸಂಬಂಧವೇ ಇಲ್ಲ. "ಅಲ್ಲಿ ಇನ್ನೂ ಯಾರೂ ಮನೆ ಕಟ್ಟಿಲ್ಲ. ಹಾಗಾಗಿ ಅವರ ಪರವಾಗಿ ಹೇಳೋರು ಯಾರೂ ಇಲ್ಲ ಅಲ್ವಾ?" ಅಂದರು. ಕೈಚೀಲದಿಂದ ಆ ನೋಟ್‌ಬುಕ್ ತೆಗೆದು ಸಮಿತಿಯ ಮೇಜಿನ ಮೇಲೆ ಇಟ್ಟರು.